ತಾ

ಎಸ್ಟೋನಿಯದ ನಮ್ಮ ನುಡಿಯಲ್ಲಿ
ಅವನು ಇಲ್ಲ, ಅವಳು ಇಲ್ಲ.
ಇರುವುದೊಂದೇ: ತಾ.
ಗಂಡಿಗೂ ತಾ, ಹೆಣ್ಣಿಗೂ ತಾ,
ಅಂಗಳದ ಬೆಕ್ಕಿಗೂ ತಾ.
ಹೊರಗಿನವರು ಬಂದಾಗಲೆಲ್ಲ ಬೀಗುತ್ತಿದ್ದೆ:
ನೋಡಿ, ನಮ್ಮ ವ್ಯಾಕರಣಕ್ಕೇ ಪಕ್ಷಪಾತ ಗೊತ್ತಿಲ್ಲ.

ತಾರ್ತು, ನವೆಂಬರ್. ನಾಲ್ಕಕ್ಕೇ ಕತ್ತಲು.
ತಾಲಿನ್ನಿನಲ್ಲಿ ಒಂದೇ ಹುದ್ದೆ,
ಅರ್ಜಿ ಹಾಕಿದ ನನ್ನ ಶಿಷ್ಯರು ಇಬ್ಬರು.
ನಡುರಾತ್ರಿಯೊಳಗೆ ಇಬ್ಬರಿಗೂ ಪತ್ರ ಬರೆಯಬೇಕು ನಾನು.

ರಾಗ್ನರನದು ಮೊದಲು.
'ತಾ ಯೋಚಿಸುವ ರೀತಿಯೇ ಬೇರೆ.
ಈ ಕ್ಷೇತ್ರದ ದಿಕ್ಕು ತಿರುಗಿಸಬಲ್ಲ ಬುದ್ಧಿ.'
ಚಹಾ ಆರುವುದರೊಳಗೆ ಮುಗಿಯಿತು.

ಪಿರೆಟ್‌ಳದು ನಿಧಾನ.
'ತಾ ದುಡಿಮೆಗೆ ಹಿಂಜರಿದದ್ದಿಲ್ಲ.
ಹೇಳಿದ ಹೊತ್ತಿಗೆ ಹೇಳಿದ ಕೆಲಸ. ಸದಾ ನಗುಮುಖ.
ತಾ ಇದ್ದಲ್ಲಿ ಜಗಳವಿಲ್ಲ.'
ಒಳ್ಳೆಯ ಪತ್ರ, ಅಂದುಕೊಂಡೆ.
ಪ್ರೀತಿಯಿಂದಲೇ ಬರೆದದ್ದು.

ಉಳಿಸುವಾಗ ಕೈತಪ್ಪಿ
ಅವಳ ಪತ್ರದಲ್ಲಿ ಅವನ ಹೆಸರು ಬಿತ್ತು.
ಬೇರೇನೂ ಕದಲಬೇಕಿರಲಿಲ್ಲ,
ಒಂದು ಕ್ರಿಯಾಪದದ ಬಾಲವೂ.
ಓದಿದೆ: ರಾಗ್ನರ್, ಸದಾ ನಗುಮುಖ.
ರಾಗ್ನರ್ ಇದ್ದಲ್ಲಿ ಜಗಳವಿಲ್ಲ.
ನಕ್ಕುಬಿಟ್ಟೆ, ಒಬ್ಬಳೇ, ಗಟ್ಟಿಯಾಗಿ.
ನಗು ಅರ್ಧಕ್ಕೇ ಮೀನಿನ ಮುಳ್ಳಾಗಿ
ಗಂಟಲಲ್ಲಿ ನಿಂತಿತು.

ಎಂಡ್ಲ ಜೌಗಿನಲ್ಲಿ, ಮೂರನೆಯ ಮೀಟರಿನ ಕೆಳಗೆ,
ಕಪ್ಪು ಮಣ್ಣಿನ ಕಂಬದೊಳಗೆ
ಕೂದಲೆಳೆಯಂಥ ಒಂದು ಬಿಳಿಚಿದ ಗೆರೆ.
ಚಾಕುವಿನ ಗೀರು, ಅಂದ ರಾಗ್ನರ್.
ಹೌದು, ಅಂದೆ ನಾನೂ.
ಪಿರೆಟ್ ಮಾತಾಡದೆ ಒಂದು ಚಿಟಿಕೆ
ಬ್ರೆಡ್ಡಿನ ಕಾಗದದಲ್ಲಿ ಕಟ್ಟಿಕೊಂಡಳು.
ಆರು ವಾರ ಸೂಕ್ಷ್ಮದರ್ಶಕದ ಮೇಲೆ ಬಾಗಿ
ಕೊನೆಗೆ ತೋರಿಸಿದಳು: ಗಾಜಿನ ಹುಡಿ.
ಐಸ್‌ಲ್ಯಾಂಡಿನ ಯಾವುದೋ ಬೆಂಕಿಬೆಟ್ಟ
ಸಾವಿರಾರು ವರ್ಷಗಳ ಹಿಂದೆ ಕೆಮ್ಮಿದ ಬೂದಿ.

ನಕ್ಷೆ ಬಿಡಿಸಿದ್ದು ರಾಗ್ನರ್.
ಲೇಖನದ ಮೊದಲ ಹೆಸರೂ ಅವನದೇ.
ಆ ಸಾಲಿಗೆ ಸಹಿ ಹಾಕಿದ್ದು ನಾನು.
ಯಾಕೆ ಎಂದು ಪಿರೆಟ್ ಕೇಳಲಿಲ್ಲ.
ಅದನ್ನೂ ಒಳ್ಳೆಯ ಸ್ವಭಾವದ
ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಕಪಾಟಿನ ತಳದಲ್ಲಿ ನನ್ನದೂ ಒಂದಿದೆ,
ಗುರುಗಳು ಸತ್ತ ಮೇಲೆ ಅವರ ಕಡತದಲ್ಲಿ ಸಿಕ್ಕಿದ್ದು.
ಎಂಬತ್ತನಾಲ್ಕರ ಟೈಪ್‌ರೈಟರ್, ಮೇಲೆದ್ದ 'ಅ':
'ವೈಕೆಯ ಕೈಬರಹ ಅಂದ. ಸ್ವಭಾವ ಮೃದು.
ಮದುವೆ ನಿಶ್ಚಯವಾಗಿದೆ, ಗಮನಿಸುವುದು.'
ಓದಿದ ದಿನ ಬೈದಿದ್ದೆ, ಸತ್ತವರನ್ನು ಬೈಯಬಾರದಷ್ಟು.
ಆ ಕೈಬರಹ ಎಲ್ಲಿಗೂ ಹೋಗಿರಲಿಲ್ಲ.
ಈಗ ನನ್ನ ಬೆರಳಲ್ಲೇ ಬಾಡಿಗೆಗಿದೆ.

ಜೌಗು ಏನನ್ನೂ ಕೊಳೆಸುವುದಿಲ್ಲ,
ಇದು ನಾನೇ ಮೊದಲ ವರ್ಷದವರಿಗೆ ಹೇಳುವ ಪಾಠ.
ಹುಳಿನೀರಲ್ಲಿ ಎಲೆಯ ನರವೂ ಉಳಿಯುತ್ತದೆ,
ಹೂವಿನ ಧೂಳೂ, ಚರ್ಮವೂ.
ಮೂವತ್ತೊಂದು ವರ್ಷಗಳ ಪತ್ರಗಳು
ಯಾವ ಯಾವ ಕಚೇರಿಗಳಲ್ಲಿ
ಹಾಗೇ ಕೂತಿವೆಯೋ, ಕೊಳೆಯದೆ.
ಎಷ್ಟು ನಗುಮುಖಗಳು. ಎಷ್ಟು ಅಂದದ ಕೈಬರಹಗಳು.
ಹೆಸರು ನೆನಪಾದವು ಕೆಲವು.
ಒಬ್ಬಳು ಪ್ಯಾರ್ನುವಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾಳೆ.
ಚೆನ್ನಾಗಿದ್ದಾಳಂತೆ. ಇರಬಹುದು.

ಅಳಿಸಿದೆ. ಮತ್ತೆ ಕೂತೆ.
'ಎಲ್ಲರೂ ಗೀರೆಂದಲ್ಲಿ
ತಾ ಗೆರೆ ಕಂಡ ಕಣ್ಣು.
ತಪ್ಪಿದ್ದು ನಾನು; ತಾ ಅಲ್ಲ.'
ಕೊನೆಯ ವಾಕ್ಯ ಎರಡು ಸಲ ತೆಗೆದೆ.
ಮೂರನೆಯ ಸಲ ಬಿಟ್ಟೆ.
ರಾಗ್ನರನದೂ ತೆರೆದೆ.
ಬುದ್ಧಿ ಇರಲಿ, ಇದೆ ಅವನಿಗೆ;
ದಿಕ್ಕು ತಿರುಗಿಸುವುದನ್ನು ತೆಗೆದೆ.
ಹನ್ನೊಂದು ಐವತ್ತೆರಡಕ್ಕೆ ಎರಡೂ ಹೋದವು.

ಹೊರಟರೆ ಕಾರಿಡಾರಿನ ತುದಿಯಲ್ಲಿ ದೀಪ.
ತೊಟ್ಟಿಯಲ್ಲಿ ಪಿರೆಟ್
ಕೊರೆಯುವ ಕೊಳವೆ ತೊಳೆಯುತ್ತಿದ್ದಾಳೆ,
ಮೊಣಕೈವರೆಗೆ ಕೆಸರು.
'ಇವತ್ತು ಯಾರ ಸರದಿ?' ಕೇಳಿದೆ.
ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.
ನಾಲ್ಕು ವರ್ಷಗಳಲ್ಲಿ
ಸರದಿ ಎಂಬುದನ್ನು ನಾನು
ಬರೆದು ಹಾಕಿಯೇ ಇರಲಿಲ್ಲ.