ಎರಡು ಬೆರಳು ಬಟ್ಟೆ

ಗಾಜಿಪುರದ ನಮ್ಮ ಹೊಲಿಗೆ ಅಂಗಡಿಯಲ್ಲಿ
ಇರುವುದು ಒಂದೇ ಕ್ಯಾಲೆಂಡರು,
ತೊಗರಿಬೇಳೆ ಮಿಲ್ಲಿನವರು ಕೊಟ್ಟದ್ದು.
ಕೆಂಪು ಸುತ್ತು ಅವ್ವನದು: ಮದುವೆ, ಕುಬಸ, ನಿಕಾಹ್.
ನೀಲಿ ಸುತ್ತು ನನ್ನದು: ಎಮ್ಮೆಸ್ಸಿ ಅರ್ಜಿಗಳ ಕಡೇ ದಿನ.
ನಾಲ್ಕು ಊರು, ನಾಲ್ಕು ಪಾಸ್‌ವರ್ಡು,
ಒಂದೇ ಫೋಟೊ, ಅದರಲ್ಲಿ ನಾನು ಯಾರದೋ ತಂಗಿಯ ಹಾಗೆ.

ಅವ್ವ ಓದಿದ್ದು ಏಳನೇ ಇಯತ್ತೆ.
ಡೆಡ್‌ಲೈನಿನಲ್ಲಿ ಅವಳ ಬಾಯಿಗೆ ಸಿಕ್ಕದ್ದು ಲೈನ್ ಮಾತ್ರ.
"ನಿಂದು ಮುಂದಿನ ಲೈನ್ ಯಾವತ್ತದಾ?"
ಆದರೆ ಇಪ್ಪತ್ತೆರಡು ವರ್ಷದಲ್ಲಿ
ಒಬ್ಬ ಮದುಮಗಳೂ ಅವಳಿಂದಾಗಿ
ಹಳೇ ಕುಪ್ಪಸದಲ್ಲಿ ಅಕ್ಕಿಕಾಳಿಗೆ ನಿಂತಿಲ್ಲ.

"ಕೊಡೋರಿಗಿ ಮುಂಚೆ ಹೇಳು, ತೊಗೊಳ್ಳೋರಿಗಿ ತಡಾ ಹೇಳು.
ನಡಕ ಉಳದಿದ್ದು ನಿಂದು."
ಹಾಗಾಗಿ ದಸ್ತಗೀರ್ ಸರ್‌ಗೆ
ಇಪ್ಪತ್ತೇಳರ ಶಿಫಾರಸು ಪತ್ರವನ್ನು ಇಪ್ಪತ್ತಕ್ಕೇ ಬೇಕೆಂದೆ.
ಸುಳ್ಳು ಹೇಳಿದ್ದಕ್ಕೆ ಎರಡು ರಾತ್ರಿ ನಿದ್ದೆ ಬರಲಿಲ್ಲ.
ಅವರು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕೂತು
ಮೊಬೈಲಿನಲ್ಲೇ ಟೈಪು ಮಾಡಿ ಕಳಿಸಿದರು,
ಇಪ್ಪತ್ತಾರಕ್ಕೆ.
ಏನು ಬರೆದರೋ. ಆ ಪತ್ರ ಓದುವ ಹಕ್ಕು ಬೇಡವೆಂದು
ನಾನೇ ಟಿಕ್ ಮಾಡಿದ್ದೆ.

ಮುನ್ನೂರ ಎಪ್ಪತ್ತೊಂದು ಜೆ ಸರ್ಟಿಫಿಕೇಟಿಗೆ
ತಹಸೀಲ್ ಕಚೇರಿಗೆ ಮೂರು ಸಲ,
ನಾನು ಇಲ್ಲಿಯವಳೇ ಎಂದು
ಇಲ್ಲಿಯವರಿಗೇ ತೋರಿಸಲು.
ಮೂರನೇ ಸಲ ಗುಮಾಸ್ತ ನನ್ನ ಗುರುತು ಹಿಡಿದ:
"ಏ, ಟೇಲರ್ ಸುಗಲಮ್ಮನ ಮಗಳಲ್ಲಾ?"
ಹೌದೆಂದೆ. ಸರ್ವರ್ ಇಲ್ಲ, ನಾಳೆ ಬಾ ಎಂದ.

ಯಾಕೆ ಭೂವಿಜ್ಞಾನ, ಐನೂರು ಪದ ಮೀರದಂತೆ ಬರೆಯಿರಿ.
ಬರೆದದ್ದು ಆರುನೂರ ಹನ್ನೆರಡು.
ಕನ್ನಡದಲ್ಲಿ ಓದಿ ಹೇಳಿದೆ.
ಬಾಬಿನ್ನಿಗೆ ದಾರ ಸುತ್ತುತ್ತಲೇ ಅವ್ವ:
"ಹೊಟ್ಟಿ ಕಡಿ ಭಾಳ ಸಡಲ್ ಆಗ್ಯಾದ. ಹಿಡಿ."
ಬಾಲ್ಯದ ಕನಸು ಹೋಯಿತು. ದೇಶಸೇವೆ ಹೋಯಿತು.
ಉಳಿದದ್ದು, ಅಂಗಡಿಯ ಶಹಾಬಾದ್ ಕಲ್ಲಿನ ನೆಲದಲ್ಲಿ
ಬಿದ್ದ ಸೂಜಿ ಹುಡುಕುತ್ತ
ಅಂಚಿನಲ್ಲಿ ಪದರಗಳನ್ನು ಎಣಿಸಿದ ಒಂದು ಮಧ್ಯಾಹ್ನ.

ಹನ್ನೆರಡನೇ ತಾರೀಖು
ಕೆಂಪು ನೀಲಿ ಒಂದರ ಮೇಲೊಂದು ಬಿದ್ದವು.
ಆಳಂದ ರಸ್ತೆಯ ಮದುವೆಗೆ ಏಳು ಕುಪ್ಪಸ,
ನನಗೆ ಎಲ್ಲಕ್ಕಿಂತ ಬೇಕಾದ ವಿಶ್ವವಿದ್ಯಾಲಯ.
ಹುಕ್ಕು ಹಚ್ಚಲು ನಾನೇ ಕೂತೆ, ಅವಳು ಕರೆಯಲಿಲ್ಲ.
ಆಮೇಲೆ ತುಂಬಿದರಾಯಿತು, ಬರೀ ಫೀಸು ತಾನೆ.
ಹನ್ನೊಂದೂ ನಲವತ್ತಕ್ಕೆ ಕರೆಂಟು ಹೋಗಿ
ಐವತ್ತೆರಡಕ್ಕೆ ಬಂತು.
ಖಾತೆಯಿಂದ ದುಡ್ಡು ಹೋಯಿತು, ರಸೀದಿ ಬರಲಿಲ್ಲ.
ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗಿತು, ತಿರುಗಿತು.
ಹನ್ನೆರಡು.
ಅವಧಿ ಮುಗಿದಿದೆ.

ಅವ್ವ ಮಷೀನು ನಿಲ್ಲಿಸಿದಳು. ಏನೂ ಅನ್ನಲಿಲ್ಲ.
ಮುಗಿದಿದ್ದ ಒಂದು ಕುಪ್ಪಸ ಎತ್ತಿಕೊಂಡು
ತೋಳು ಬಿಗಿಯಾದೀತೆಂದು ಹೊಲಿಗೆ ಬಿಚ್ಚತೊಡಗಿದಳು.
ಒಳಗೆ ಮಡಚಿಟ್ಟ ಎರಡು ಬೆರಳು ಬಟ್ಟೆ
ಹೊರಗೆ ಬಂತು, ಬಿಸಿಲು ಕಾಣದ ಬಣ್ಣದಲ್ಲಿ.
ಬಟ್ಟೆ ಬಿಡದೆ ಹೊಲಿದವಳು ನಾನು.

ಮರುದಿನ ಮೇಲ್ ಬಂತು:
ಕೊನೆಯ ದಿನಾಂಕ ಹತ್ತು ದಿನ ಮುಂದೂಡಲಾಗಿದೆ.
ಅದು ಬೇರೆಯದು,
ನಾನು ನಾಲ್ಕು ದಿನ ಮೊದಲೇ ಮುಗಿಸಿದ್ದು.
ನಗು ಬಂತು. ಅವ್ವನಿಗೆ ಹೇಳಿದೆ.
ಅವಳಿಗೆ ಬರಲಿಲ್ಲ.
"ಆ ದುಡ್ಡು ವಾಪಸ್ ಯಾವಾಗ ಕೊಡ್ತಾರಂತ?"

ಈಗ ಉಳಿದದ್ದು ಒಂದೇ, ಮುಂದಿನ ತಿಂಗಳ ಒಂಬತ್ತಕ್ಕೆ.
ನೀಲಿ ಸುತ್ತು ಹಾಕಲು ಹಾಳೆ ತಿರುಗಿಸಿದೆ.
ಅಲ್ಲಿ ನಾಲ್ಕನೇ ತಾರೀಖಿನ ಮೇಲೆ
ಟೇಲರ್ ಚಾಕಿನ ಬಿಳೀ ಗೆರೆ ಇದೆ,
ಕೈ ತಾಗಿದರೆ ಅಳಿಸುವಂಥದ್ದು.
ಕೈ ತಾಗದಂತೆ ಪೆನ್ನಿನ ಮುಚ್ಚಳ ತೆಗೆದೆ.