ಗುಲಾಬಿ ಉಳಿ

ಭಾನುವಾರದ ಸಂತೆಯಲ್ಲಿ, ಕಾರಿನ ಡಿಕ್ಕಿ ತೆರೆದು
ಹಳೆ ಸಾಮಾನು ಮಾರುವವರ ಸಾಲಿನಲ್ಲಿ
ನನ್ನದೇ ಉಳಿಯನ್ನು ನಾಲ್ಕು ಪೌಂಡಿಗೆ ಕೊಂಡೆ.
ಹಿಡಿಯ ಮೇಲೆ ಅಪ್ಪನ ಹಲ್ಲಿನ ಗುರುತು;
ಎರಡೂ ಕೈ ಕೆಲಸದಲ್ಲಿದ್ದಾಗ ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದ.
ಒಳ್ಳೆ ಉಕ್ಕು ಕಣಮ್ಮ, ಈಗಿನ ಕಾಲದ್ದಲ್ಲ, ಅಂದ ಮಾರುವವನು.
ಗೊತ್ತು, ಅಂದೆ.
ಚೌಕಾಸಿಗೂ ಬಾಯಿ ಬರಲಿಲ್ಲ.

ಗ್ರೀನಕ್ಕಿನ ಗುಡ್ಡದ ಮೇಲೆ, ಹಿತ್ತಿಲಲ್ಲಿ ನನ್ನ ಶೆಡ್ಡು.
ಕೆಳಗೆ ಕ್ಲೈಡ್ ನದಿ, ಬೂದು ತಗಡು ಹಾಸಿದಂತೆ.
ಮುರಿದ ಕುರ್ಚಿಗಳಿಗೆ ಕಾಲು ಕೊಡುವುದು ಹೊಟ್ಟೆಪಾಡು.
ಫೆಬ್ರವರಿಯಲ್ಲಿ ಬಂದವರು ಬೀಗ ಮುರಿಯಲಿಲ್ಲ,
ಕದದ ತಿರುಗಣಿಯನ್ನೇ ಬಿಚ್ಚಿದರು
ಕಿಟಕಿ ಮೇಲೆ ನಾನು ಮರೆತ ಸ್ಕ್ರೂಡ್ರೈವರಿನಿಂದ.
ಮರ್ಯಾದಸ್ಥರು. ಸ್ಕ್ರೂಗಳನ್ನೆಲ್ಲ
ಚಹಾದ ಕಪ್ಪಿನಲ್ಲಿ ಹಾಕಿಟ್ಟು ಹೋಗಿದ್ದರು.
ಪೊಲೀಸಮ್ಮ ಬಂದು ಒಂದು ನಂಬರು ಕೊಟ್ಟಳು.
ನಂಬರಿನಿಂದ ಮರ ಕೊರೆಯಲಾಗುವುದಿಲ್ಲ.

ಅಂದಿನಿಂದ ನಾನೇ ತಳವಾರ.
ತಿರುಗಣಿಯ ಸ್ಕ್ರೂಗಳ ತಲೆ ಅರದಿಂದ ಉಜ್ಜಿ ಬೋಳಿಸಿದೆ.
ಗರಗಸ, ಬಾಚಿ, ಬೈರಿಗೆ, ಎಲ್ಲದರ ಕೊರಳಿಗೂ
ಸೈಕಲ್ಲಿನ ಒಂದೇ ಸರಪಳಿ, ಜೀತದವರ ಹಾಗೆ.
ದಾರಿಗೆ ಜಲ್ಲಿ. ಮೊಣಕಾಲೆತ್ತರಕ್ಕೆ ಮೀನಿನ ಗಾಳದ ದಾರ,
ದಾರದ ತುದಿಗೆ ಐದು ಪಾತ್ರೆಮುಚ್ಚಳ.
ಪಕ್ಕದ ಮನೆಯ ನೆಟ್ಟಾ ಕ್ರಿಲಿ ತಂದುಕೊಟ್ಟಳು
ಸತ್ತ ನಾಯಿಯ ಬೋಗುಣಿ, ಮಗುವಿನ ಸ್ನಾನದ ತೊಟ್ಟಿಯಷ್ಟಗಲ,
ಮೇಲೆ ದಪ್ಪಕ್ಷರದಲ್ಲಿ 'ಸಾರ್ಜೆಂಟ್'.
ದಿನಾ ನೀರು ತುಂಬುತ್ತೇನೆ ಇಲ್ಲದ ನಾಯಿಗೆ.
ಕಡಲಹಕ್ಕಿಗಳು ಕುಡಿಯುತ್ತವೆ.
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು, ನಿಜ.
ಆದರೆ ದಿಡ್ಡಿಯೂ ಒಂದು ಬಾಗಿಲೇ ತಾನೆ?

ಕೊನೆಗೆ ಬಣ್ಣ. ಗುಲಾಬಿ, ಐಸಿಂಗಿನಂಥ ಗುಲಾಬಿ;
ಯಾವ ಗಂಡಸು ಕದ್ದಾನು, ಕದ್ದರೂ ಮಾರಿಯಾನು?
ಹಳೆ ಮೆರುಗು ತೆಗೆಯಲೆಂದು ಉಳಿಯ ಹಿಡಿ ಉಜ್ಜುತ್ತಿದ್ದೆ,
ಕೊಳೆಯಡಿಯಿಂದ ಹಳದಿಯ ಒಂದು ಪಟ್ಟಿ ಎದ್ದಿತು.

ಮರೆತೇಬಿಟ್ಟಿದ್ದೆ.
ಹಡಗುಕಟ್ಟೆಯಲ್ಲಿ ಬಡಗಿಗೊಂದು ಬಣ್ಣ:
ಮೆಕೆಲ್ವಿಗೆ ಕೆಂಪು, ಕುಂಟ ಓಗಿಲ್ವಿಗೆ ನೀಲಿ, ಅಪ್ಪನಿಗೆ ಹಳದಿ.
ಇಷ್ಟಾದರೂ ನಂಬಿಕೆಯಿಲ್ಲದೆ ಪ್ರತಿ ಸಂಜೆ
ಇಡೀ ಚೀಲ ಹೆಗಲಿಗೇರಿಸಿ ಗುಡ್ಡ ಹತ್ತುತ್ತಿದ್ದ,
ಎಡ ಹೆಗಲು ಕೊನೆಗೂ ಕೆಳಗೇ ಉಳಿಯಿತು.
ಮೂವತ್ತೊಂದು ವರ್ಷ. ಒಂದು ಮೊಳೆಯೂ ಕಳುವಾಗಲಿಲ್ಲ.

ಆಮೇಲೊಂದು ಶುಕ್ರವಾರ ಹಡಗುಕಟ್ಟೆಯೇ ಕಳುವಾಯಿತು.
ಹಾಡಹಗಲಲ್ಲಿ, ಮುಂಬಾಗಿಲಿಂದ, ಟೈ ಕಟ್ಟಿದವರು,
ಸಹಿ ಹಾಕಿ ಕೊಂಡೊಯ್ದರು ಕ್ರೇನು, ಗೋದಿ, ಕೂಗುವ ಸೈರನ್ನು.
ಯಾರ ಕಾಲೂ ಯಾವ ದಾರಕ್ಕೂ ಎಡವಲಿಲ್ಲ.
ಅಪ್ಪ ಚೀಲ ಹೊತ್ತೇ ಮನೆಗೆ ಬಂದ.
ಉಳಿಗಳು ಎಲ್ಲವೂ ಇದ್ದವು.

ಹಳದಿಯ ಮೇಲೇ ಗುಲಾಬಿ ಬಳಿದೆ.
ಹಲ್ಲಿನ ಗುರುತಿನಲ್ಲಿ ಮಾತ್ರ ಕುಂಚ ಆಡಿಸಲಿಲ್ಲ.

ಈಗ ರಾತ್ರಿ ನಿದ್ದೆಯೇ ಒಂದು ಲೆಕ್ಕ:
ಒಂದು ಮುಚ್ಚಳ ಸದ್ದಾದರೆ ಹಕ್ಕಿ, ಎರಡಾದರೆ ಗಾಳಿ,
ಮೂರಾದರೆ ನೆಟ್ಟಾ, ಸಿಗರೇಟು ಸೇದಲು ಬಂದು
ದಾರ ಮರೆತು, ಶಾಪ ಹಾಕುತ್ತ.
ಐದೂ ಒಟ್ಟಿಗೆ ಒಮ್ಮೆ ಮಾತ್ರ ಬಿದ್ದವು.
ಚಪ್ಪಲಿಯಿಲ್ಲದೆ ಟಾರ್ಚು ಹಿಡಿದು ಓಡಿದೆ.
ಸರಪಳಿ ಇತ್ತು, ಕದ ಇತ್ತು, ಎಲ್ಲ ಗುಲಾಬಿ ನೆಟ್ಟಗಿತ್ತು.

ಬೋಗುಣಿ ಹೋಗಿತ್ತು.
ಚೆಲ್ಲಿದ ನೀರು ಜಲ್ಲಿಯೊಳಗೆ ಇನ್ನೂ ಇಳಿಯುತ್ತಿತ್ತು.