ನೂರು ಮಿಲಿ

ಗ್ಲಾಸ್ಗೋ ವಿಮಾನ ನಿಲ್ದಾಣ, ಬೆಳಗಿನ ನಾಲ್ಕೂವರೆ.
ನನ್ನದು ಮೂರನೇ ಸಾಲು, ನೀಲಿ ಕೈಗವಸು.
ಬೂದು ಟ್ರೇಗಳು ಉರುಳಿ ಬರುತ್ತವೆ,
ಹಿಟ್ಟಿನ ಗಿರಣಿಯ ಮುಂದೆ ಸರತಿಗಿಟ್ಟ ಡಬ್ಬಿಗಳ ಹಾಗೆ.

ನೂರು ಮಿಲಿಗಿಂತ ದೊಡ್ಡ ಸೀಸೆ ದಾಟುವಂತಿಲ್ಲ.
ನಿಯಮ ನನ್ನದಲ್ಲ, ಹೇಳುವ ಬಾಯಿ ಮಾತ್ರ ನನ್ನದು.
ಹೆಂಗಸರು ನಿಟ್ಟುಸಿರಿಟ್ಟು ಕೊಟ್ಟುಬಿಡುತ್ತಾರೆ.
ಗಂಡಸರು
ಸೆಂಟಿನ ಸೀಸೆ ಕೈಬಿಡುವ ಹೊತ್ತಿಗೆ
ತಾವು ಯಾರೆಂದು ಹೇಳಿ ಮುಗಿಸಿರುತ್ತಾರೆ.

ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದವನೊಬ್ಬ
ಅದರ ಬೆಲೆ ಹೇಳಿದ. ಎರಡು ಸಲ.
ಎರಡನೇ ಸಲಕ್ಕೆ ಇಪ್ಪತ್ತು ಪೌಂಡು ಏರಿತ್ತು.
ಅವನ ಸೆಂಟೂ ಹಾಗೇ, ಅವನಿಗಿಂತ ಮೂರು ಹೆಜ್ಜೆ ಮುಂಚೆ ಬಂದು
ಅವನು ಹೋದ ಮೇಲೂ ಏಳದೆ ಕೂತಿತ್ತು,
ಉಂಡ ಮನೆಯಲ್ಲಿ ಹಾಸಿಗೆ ಕೇಳುವ ನೆಂಟನಂತೆ.

ಮಲಾಗಾಕ್ಕೆ ಹೊರಟಿತ್ತು ಮದುಮಗನ ಗೆಳೆಯರ ದಂಡು.
ಇದ್ದ ಒಂದೇ ಸೀಸೆಯನ್ನು ಹನ್ನೊಂದು ಜನ
ಕಂಕುಳಿಗೆ, ಕತ್ತಿಗೆ, ಒಬ್ಬನ ಬೋಳುತಲೆಗೆ ಸುರಿದು
ಖಾಲಿ ಮಾಡಿಯೇ ಕೊಟ್ಟರು.
ಹನ್ನೊಂದು ಜನಕ್ಕೂ ಒಂದೇ ಸ್ವಭಾವ ಆ ಬೆಳಿಗ್ಗೆ.
ಮದುಮಗ ಮಾತ್ರ ಬೇಡವೆಂದ.
ಅದನ್ನು ನಾನು ನೋಡಿದೆ. ಅವರ್‍ಯಾರೂ ನೋಡಲಿಲ್ಲ.

ಎತ್ತಿನಂಥ ಭುಜ, ಕತ್ತಿನ ತುಂಬ ಹಚ್ಚೆ,
ನಾದಿಟ್ಟ ಹಿಟ್ಟಿನ ಹಾಗೆ ಮುದುಡಿದ ಕಿವಿಯ ರಗ್ಬಿ ಆಟಗಾರ.
ಅವನ ಸೀಸೆಯಲ್ಲಿ ಗುಲಾಬಿ!
ತೆಳ್ಳಗೆ, ದೇವರ ಪೆಟ್ಟಿಗೆ ತೆರೆದಂಥ ಗುಲಾಬಿ.
"ಯಾರಿಗೂ ಹೇಳಬೇಡ" ಎಂದು ಕಣ್ಣು ಮಿಟುಕಿಸಿದ.
ಮೂವತ್ತು ಅಡಿ ಆಚೆಯವರಿಗೂ ಆಗಲೇ ಹೇಳಿಬಿಟ್ಟಿತ್ತು ಅದು.

ಏನೂ ಹಚ್ಚದವರೂ ಇದ್ದಾರೆ. ಅವರದೂ ಒಂದು ಬಗೆಯ ಜಂಬ.

"ಮುಖ ಬಿಡು, ಮೂಗು ನಂಬು" ಎಂದು ನಗುತ್ತಾಳೆ
ಪಕ್ಕದ ಸಾಲಿನ ಇಷ್‌ಬೆಲ್.
ಆರು ವರ್ಷ ನಂಬಿದ್ದೆ.
ತೊಗಲಿನ ವಾಸನೆಯವ ಸುಳ್ಳುಗಾರ, ನಿಂಬೆಯವ ಪುಕ್ಕಲ,
ಊದ್ ಹಚ್ಚಿದವ ಸಾಲಗಾರ ಎಂದು
ಗಿಳಿಶಾಸ್ತ್ರದವಳ ಹಾಗೆ ಚೀಟಿ ಎತ್ತುತ್ತಿದ್ದೆ.

ಮಂಗಳವಾರ ಬಂದವನ ಹೆಸರು ಪಾಸಿನಲ್ಲಿ ಓದಿದೆ:
ಡಂಕನ್ ಮೆಕ್‌ಆಸ್ಕಿಲ್. ಅರವತ್ತರ ಆಸುಪಾಸು,
ಸ್ಟಾರ್ನೊವೇ ವಿಮಾನ, ಒಂದೇ ಕೈಚೀಲ.
ಸೀಸೆ ನೂರಿಪ್ಪತ್ತೈದರದ್ದು, ಮುಚ್ಚಳಕ್ಕೆ ಟೇಪು ಸುತ್ತಿದ್ದು,
ತಳದಲ್ಲಿ ಒಂದು ಬೆರಳಿನಷ್ಟು ಹಳದಿ.
"ಇಷ್ಟೇ ಉಳಿದಿರೋದು, ಹೆನ್" ಅಂದ.
(ಇಲ್ಲಿ ಅಕ್ಕರೆ ಬಂದರೆ ಹೆಂಗಸರನ್ನು ಕೋಳಿ ಅನ್ನುತ್ತಾರೆ.)
"ಲೆಕ್ಕ ಸೀಸೆಯದು, ಒಳಗಿರೋದರದ್ದಲ್ಲ" ಅಂದೆ.
ದಿನಕ್ಕೆ ನಲವತ್ತು ಸಲ ಆಡುವ ಮಾತು;
ಅವತ್ತು ಮೊದಲ ಸಲ ನನ್ನ ಕಿವಿಗೇ ಕೇಳಿಸಿತು.

ವಾದಿಸಲಿಲ್ಲ. ಟೇಪು ಬಿಚ್ಚಿದ, ಮೂಸಿದ.
"ನಿಜ ಹೇಳಬೇಕಂದ್ರೆ ಇದು ನನ್ನ ವಾಸನೆ ಅಲ್ಲ.
ಮೂವತ್ತು ವರ್ಷದ ಹಿಂದೆ ಅಂಗಡಿಯವಳು
ನಿಮಗೆ ಬಹಳ ಒಪ್ಪುತ್ತೆ ಅಂದುಬಿಟ್ಟಳು.
ಒಪ್ಪೋ ಥರದವನಾಗೋಣ ಅಂತ ಹಚ್ತಾ ಬಂದೆ.
ಈಗ ಇದನ್ನ ಮಾಡೋದೂ ಇಲ್ಲವಂತೆ."

ಆಗಿದ್ದನೋ ಇಲ್ಲವೋ, ಕೇಳುವ ಹೊತ್ತಲ್ಲ;
ಹಿಂದೆ ಒಂದು ಮಗು ಶೂ ಬಿಚ್ಚಲಾರೆನೆಂದು ಅಳುತ್ತಿತ್ತು.
ಸೀಸೆಯನ್ನು ಡಬ್ಬಕ್ಕೆ ಹಾಕಿದೆ. ಠಣ್ಣೆನ್ನಲಿಲ್ಲ,
ಶಾಂಪೂಗಳ ಮೇಲೆ ಮೆತ್ತಗೆ ಬಿತ್ತು.
ಅವನು ಬೆಲ್ಟು ಕಟ್ಟಿಕೊಳ್ಳುತ್ತ
ತನ್ನ ಬರಿಯ ಮಣಿಕಟ್ಟನ್ನು ಮೂಗಿಗೆ ಹಿಡಿದು ನೋಡಿಕೊಂಡ,
ಯಾರೋ ಹೊಸಬರ ಪರಿಚಯವಾದವನಂತೆ.

ಮಧ್ಯಾಹ್ನ ಪಾಳಿ ಮುಗಿಸಿ ಪೇಸ್ಲಿ ಬಸ್ಸು ಹತ್ತಿದೆ.
ಹೂವಿನ ಜೊತೆಗಿದ್ದ ನಾರಿಗೂ ಘಮ ಅಂತಾರಲ್ಲ,
ನನ್ನ ತೋಳಿನ ತುಂಬ ಗಂಡಸರು.
ಪಕ್ಕದಲ್ಲಿ ಕೂತ ಮುದುಕಿ ಮೂಗೆತ್ತಿ
ಹಿಂದೆ ನೋಡಿದಳು, ಮುಂದೆ ನೋಡಿದಳು,
ಯಾವನವನು ಎಂದು ಹುಡುಕುತ್ತ.
ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ,
ಸಿಕ್ಕಿಬಿದ್ದವನ ಹಾಗೆ.